ಒಗೆಯುವ ಕಲ್ಲಿನ ಬಳಿ ಕುಣಿದ ಕರ್ಪೂರ

ಆ ಬೇಸಿಗೆಯಲ್ಲಿ ನಾನು ವಾರಕ್ಕೆ ಎರಡು ಸಲ ವಿಜಾಪುರದಿಂದ ಬಸ್ಸು ಹತ್ತಿ ತಿಕೋಟಾಕ್ಕೆ ಹೋಗುತ್ತಿದ್ದೆ. ಕೈಚೀಲದಲ್ಲಿ ಒಂದು ನೋಟ್‌ಬುಕ್ಕು, ಬಿಳಿ ಪುಡಿಯ ಒಂದು ಬಾಟಲಿ, ಒಂದು ಕರ್ಪೂರದ ಡಬ್ಬಿ. ಬಸ್ಸು ತೊರವಿ ದಾಟುವಷ್ಟರಲ್ಲಿ ಪಕ್ಕದಲ್ಲಿ ಕೂತ ಹೆಂಗಸರಿಗೆ ವಾಸನೆ ಬಡಿದು, "ಯಾವ ಗುಡಿಗೆ ಹೊಂಟೀರಿ?" ಎಂದು ಕೇಳುತ್ತಿದ್ದರು. ಕೆರೆಗೆ ಎಂದರೆ ಮತ್ತೆ ಹತ್ತು ಪ್ರಶ್ನೆ. ಅದಕ್ಕೆ ಸುಮ್ಮನೆ ತಲೆಯಾಡಿಸುತ್ತಿದ್ದೆ.

ನನಗಾಗ ಇಪ್ಪತ್ನಾಲ್ಕು. ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಎರಡು ಮಳೆಗಾಲ ಸರಿಯಾಗಿ ಆಗಿರಲಿಲ್ಲ. ಊರಿನ ನಳಗಳಲ್ಲಿ ನೀರು ಯಾವಾಗ ಬರುತ್ತದೆ ಎಂಬುದೇ ಮನೆಮನೆಯ ಮಾತು. ನಮ್ಮ ವಿಭಾಗದ ಮುಖ್ಯಸ್ಥರು ಐವತ್ತು ದಾಟಿದವರು, ಮಾತು ಕಮ್ಮಿ, ಪ್ಯಾಂಟಿನ ಮೇಲೆ ಯಾವಾಗಲೂ ಆಸಿಡ್ಡು ಸುಟ್ಟ ಒಂದೆರಡು ತೂತು. ಅವರು ಒಂದು ದಿನ ನನ್ನನ್ನು ಒಳಗೆ ಕರೆದು ಹೇಳಿದರು: "ಮಳಿ ತರಾಕ ನಮ್ಮಿಂದ ಆಗೂದಿಲ್ಲ. ಇದ್ದ ನೀರು ಬಿಸಿಲಿಗೆ ಹಾರಿ ಹೋಗದಂಗ ನೋಡಬಹುದು. ಮಾಡ್ತೀಯೇನು?"

ಅವರು ಮುಂಬಯಿಯಿಂದ ತರಿಸಿದ್ದ ಪದಾರ್ಥ ನೋಡಲು ಮೇಣದ ಚೂರಿನ ಹಾಗಿತ್ತು, ಅರೆದರೆ ಬಿಳಿ ಪುಡಿ. ಮುಖಕ್ಕೆ ಹಚ್ಚುವ ಸ್ನೋದಲ್ಲೂ ಅದು ಇರುತ್ತದೆ. ಅದರ ಒಂದೊಂದು ಅಣುವಿಗೂ ಒಂದು ಪುಟ್ಟ ತಲೆ, ಒಂದು ಉದ್ದ ಬಾಲ. ತಲೆಗೆ ನೀರು ಬೇಕು, ಬಾಲಕ್ಕೆ ನೀರೆಂದರೆ ಆಗದು. ಹೀಗಾಗಿ ಅವನ್ನು ನೀರ ಮೇಲೆ ಬಿಟ್ಟರೆ ತಲೆಯನ್ನು ನೀರಿಗೆ ಊರಿ, ಬಾಲವನ್ನು ಗಾಳಿಗೆ ಎತ್ತಿ, ಒಂದಕ್ಕೊಂದು ಒತ್ತಾಗಿ ತಾವೇ ನಿಂತುಕೊಳ್ಳುತ್ತವೆ. ಒಂದೇ ಅಣುವಿನಷ್ಟು ದಪ್ಪದ ಪದರ. ಕಣ್ಣಿಗೆ ಕಾಣುವುದಿಲ್ಲ. ಆದರೆ ಕೆಳಗಿನ ನೀರು ಆವಿಯಾಗಿ ಮೇಲೇಳಲು ಅದು ಸುಲಭಕ್ಕೆ ಬಿಡುವುದಿಲ್ಲ.

"ನಾವು ಗ್ವಾಡಿ ಕಟ್ಟೂದಲ್ಲ," ಎನ್ನುತ್ತಿದ್ದರು ಸರ್. "ತಾವೇ ಹೋಗಿ ಗ್ವಾಡಿ ಆಗೋ ಇಟ್ಟಂಗಿ ಆರಿಸೂದು. ಅಷ್ಟೇ ನಮ್ಮ ಕೆಲಸ."

ಆ ಇಟ್ಟಿಗೆ ಆರಿಸುವುದು ನನ್ನ ಪಾಲಿಗೆ ಬಂತು. ಪದಾರ್ಥದಲ್ಲಿ ಎರಡು ಬಗೆ ಇದ್ದವು. ಉದ್ದ ಬಾಲದ ಅಣುಗಳು ಬಹಳ ಒತ್ತಾಗಿ ನಿಲ್ಲುತ್ತವೆ, ಆದರೆ ನೀರ ಮೇಲೆ ಹರಡಲು ಸೋಮಾರಿಗಳು. ತುಸು ಗಿಡ್ಡ ಬಾಲದವು ಬೇಗ ಹರಡುತ್ತವೆ, ಆದರೆ ನಡುವೆ ನೀರು ನುಸುಳಲು ಸಂದು ಬಿಡುತ್ತವೆ. ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಅಂಚಿಗೆ ಮೇಣ ಬಳಿದ ಅಗಲ ಹಿತ್ತಾಳೆ ತಟ್ಟೆಯಲ್ಲಿ ಮೂರು ತಿಂಗಳು ನೋಡಿದೆ. ಉದ್ದ ಬಾಲದ್ದು ಜಾಸ್ತಿ ಇದ್ದ ಮಿಶ್ರಣ ಗೆದ್ದಿತು. ತಟ್ಟೆಯಲ್ಲಿ ಆ ಪದರ ಎಷ್ಟು ಗಟ್ಟಿ ನಿಂತಿತೆಂದರೆ ನಾನು ಅದರ ಬಗ್ಗೆ ಮನೆಯಲ್ಲಿ ಊಟಕ್ಕೆ ಕೂತಾಗಲೂ ಮಾತಾಡುತ್ತಿದ್ದೆ.

ಪದರ ಇದೆಯೋ ಇಲ್ಲವೋ ನೋಡಲು ಒಂದು ಹಳೆಯ ಉಪಾಯವಿತ್ತು. ಶುದ್ಧ ನೀರಿನ ಮೇಲೆ ಕರ್ಪೂರದ ಸಣ್ಣ ಚೂರು ಹಾಕಿದರೆ ಅದು ಹುಚ್ಚು ಹಿಡಿದಂತೆ ಗಿರಗಿರ ತಿರುಗುತ್ತದೆ. ನೀರಿಗೆ ಪದರ ಹೊದಿಸಿದ್ದರೆ ಹಾಕಿದಲ್ಲೇ ಸತ್ತಂತೆ ನಿಲ್ಲುತ್ತದೆ. ನನ್ನ ಚೀಲದ ಕರ್ಪೂರ ಇದಕ್ಕೆ.

ಪ್ರಯೋಗಕ್ಕೆ ಸಿಕ್ಕಿದ್ದು ತಿಕೋಟಾದಲ್ಲಿಳಿದು ಬಬಲೇಶ್ವರದ ದಾರಿ ಹಿಡಿದು ಅರ್ಧ ತಾಸು ನಡೆದರೆ ಸಿಗುವ ಒಂದು ಹಳ್ಳಿಯ ಕೆರೆ. ನೀರು ಆಗಲೇ ಅರ್ಧಕ್ಕಿಂತ ಕೆಳಗಿತ್ತು. ಪಂಚಾಯತಿ ಚೇರ್ಮನ್ನರು ದೊಡ್ಡ ಮೀಸೆಯ, ಸಿಟ್ಟು ಬೇಗ ಬರುವ ಮನುಷ್ಯ. ಪದಾರ್ಥದ ಹೆಸರಿನ ಕೊನೆಗೆ ಆಲ್ಕೋಹಾಲ್ ಎಂಬ ಮಾತು ಇರುವುದು ಯಾರಿಂದಲೋ ತಿಳಿದು, ಕೆರೆಗೆ ದಾರೂ ಸುರಿಯಾಕತ್ತಾರ ಎಂದು ಮೊದಲ ದಿನವೇ ಗದ್ದಲ. ಸರ್ ಒಂದು ಚಂಬು ನೀರಿಗೆ ಪುಡಿ ಉದುರಿಸಿ, ಎಲ್ಲರೆದುರು ಗಟಗಟ ಕುಡಿದರು. ಚೇರ್ಮನ್ನರು ಅವರ ಮುಖವನ್ನೇ ಒಂದು ಗಳಿಗೆ ನೋಡಿ, "ಹಾಕ್ರಿ," ಎಂದರು. "ಆದರ ನೀರು ಉಳೀಬೇಕ ನೋಡ್ರಿ. ಉಳೀಲಿಲ್ಲಂದ್ರ ಊರಿಗೆ ಜವಾಬು ಕೊಡಾಂವ ನಾ."

ತೆಳುಬಟ್ಟೆಯ ಚೀಲಗಳಲ್ಲಿ ಪುಡಿ ತುಂಬಿ, ಕಟ್ಟಿಗೆಯ ತುಂಡುಗಳಿಗೆ ಕಟ್ಟಿ, ಕೆರೆಯ ನಡುವೆ ತೇಲಿಬಿಟ್ಟೆವು. ಅಂಚಿನಲ್ಲಿ ಗೆರೆ ಕೊರೆದ ಒಂದು ಕೋಲು ನೆಟ್ಟೆವು.

ಎರಡು ವಾರದಲ್ಲಿ ಕೋಲು ತನ್ನ ಮಾತು ಹೇಳಿತು. ನೀರು ಇಳಿಯುವುದು ನಿಧಾನವಾಗಿತ್ತು, ಆದರೆ ನನ್ನ ತಟ್ಟೆ ತೋರಿಸಿದ್ದಕ್ಕೆ ಹತ್ತಿರವೂ ಇರಲಿಲ್ಲ. ಆ ಮಧ್ಯಾಹ್ನ ಚೇರ್ಮನ್ನರು ನನ್ನ ಹಿಂದೆಯೇ ನಡೆದುಬಂದರು. ನಾನು ಕೆರೆಯ ನಾಲ್ಕು ಕಡೆ ಕರ್ಪೂರ ಹಾಕಿದೆ. ಮೂಡಲ ದಂಡೆಯಲ್ಲಿ ನಿಂತಿತು. ತೆಂಕಣಕ್ಕೂ ಬಡಗಣಕ್ಕೂ ನಿಂತಿತು. ಪಡುವಣ ದಂಡೆಯಲ್ಲಿ, ಅಲ್ಲಿದ್ದ ಬಟ್ಟೆ ಒಗೆಯುವ ಕಲ್ಲಿನ ಬಳಿ, ಚೂರು ಬಿದ್ದದ್ದೇ ತಡ ಗಿರಗಿರ ಕುಣಿಯಿತು.

"ಇಲ್ಲಿ ಯಾಕ ಕುಣೀತದ?" ಎಂದರು ಚೇರ್ಮನ್ನರು.

ಕಲ್ಲಿನ ಮೇಲೆ ಸೋಪಿನ ಬಿಳಿ ಕಲೆಗಳಿದ್ದವು. ನಾನು ಹೆಚ್ಚು ಯೋಚಿಸಲಿಲ್ಲ. "ಸೋಪಿನ ಸಲುವಾಗಿ ಇರಬೇಕ್ರಿ. ಸೋಪು ಪದರಾ ಹರೀತೈತಿ."

ಇರಬೇಕು ಎಂದು ನಾನು ಹೇಳಿದ್ದು ನನಗೆ ನೆನಪಿದೆ. ಅವರಿಗೆ ಕೇಳಿಸಿದ್ದು ಸೋಪು ಎಂಬುದೊಂದೇ. ಕೆರೆಯಲ್ಲಿ ಊರಿನ ಬಟ್ಟೆ ಒಗೆಯುತ್ತಿದ್ದವಳು ಒಬ್ಬಳೇ ಹೆಂಗಸು, ಸುಮಾರು ಐವತ್ತರ ವಯಸ್ಸು, ಗಂಡ ಇಲ್ಲ. ಅತ್ತೆಯ ಕಾಲದಿಂದ ಆ ಮನೆಯವರಿಗೆ ಅದೇ ಕಲ್ಲು. ಚೇರ್ಮನ್ನರು ಅಲ್ಲೇ ನಿಂತು ಆಕೆಯನ್ನು ಕರೆಸಿದರು.

"ನಾಳಿಂದ ಇಲ್ಲಿ ಒಗಿಯಾಂಗಿಲ್ಲ. ನಿನ್ನ ಸೋಪು ಕೆರಿ ನೀರು ತಿನ್ನಾಕತ್ತೈತಿ."

ಆಕೆ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ನೀರು ಬಿಸಿಲು ತಿಂತೈತ್ರಿ ಅಕ್ಕಾರ. ಸೋಪು ಎಲ್ಲಿ ತಿಂತೈತಿ? ಮತ್ತ ನಾ ಎಲ್ಲಿ ಒಗೀಲಿ?"

"ಬಬಲೇಶ್ವರದ ದಾರ್ಯಾಗ ಬಾಂವಿ ಐತಿ," ಎಂದರು ಚೇರ್ಮನ್ನರು.

"ಅಲ್ಲಿ ಮೆಟ್ಟಲಾ ಎಲ್ಲಾ ಕಿತ್ತು ಹೋಗ್ಯಾವ್ರಿ."

"ಅದನ್ನ ನನಗ ಹೇಳಬ್ಯಾಡ."

ನಾನು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತ ನಿಂತೆ. ಸರ್‌ಗೆ ಹೇಳಿದಾಗ ಅವರಿಗೂ ಕಾರಣ ಸಿಕ್ಕ ಸಮಾಧಾನ. ಜಿಲ್ಲಾ ಕಚೇರಿಗೆ ಬರೆಯುತ್ತಿದ್ದ ವರದಿಯಲ್ಲಿ ಅದನ್ನು ಸೇರಿಸಿ ಕಳಿಸಿದರು.

ಕಾಲೇಜಿನ ಪರೀಕ್ಷೆಗಳ ಗಡಿಬಿಡಿಯಲ್ಲಿ ನಡುವೆ ಹೋಗಲಾಗದೆ, ಹನ್ನೆರಡು ದಿನ ಕಳೆದು ಮತ್ತೆ ಹೋದೆ. ಕಲ್ಲು ಒಣಗಿ ಬಿಳಿಚಿಕೊಂಡಿತ್ತು. ಒಂದು ಹನಿ ಸೋಪು ಬಿದ್ದ ಗುರುತಿಲ್ಲ. ಕರ್ಪೂರ ಹಾಕಿದೆ. ಕುಣಿಯಿತು. ಹಿಂದಿನಷ್ಟೇ ಜೋರಾಗಿ.

ಬೆನ್ನ ಹಿಂದೆ ಆಕೆ ನಿಂತಿದ್ದಳು. ತಲೆಯ ಮೇಲೆ ಬಟ್ಟೆಯ ದೊಡ್ಡ ಗಂಟು, ಬಾವಿಗೆ ಹೊರಟಿದ್ದಳು. ಗಂಟನ್ನು ಇಳಿಸಲಿಲ್ಲ.

"ನಾ ಒಗಿಯೂದು ಬಿಟ್ಟು ಹನ್ನೆರಡು ದಿನ ಆತ್ರಿ. ಮತ್ತ ಯಾಕ ಕುಣಿಯಾಕತ್ತೈತಿ?"

"ಸೋಪು ಕೆಸರಿನ್ಯಾಗ ಇನ್ನೂ ಇರಬಹುದು ಯವ್ವಾ," ಎಂದೆ. ಹೇಳುವಾಗಲೇ ನನ್ನ ದನಿ ನನಗೆ ಸರಿ ಅನಿಸಲಿಲ್ಲ. ಆಕೆ ಬಾವಿಯ ದಾರಿ ಹಿಡಿದಳು.

ಬಸ್ಸಿನಲ್ಲಿ ಕೂತು ಆ ಪ್ರಶ್ನೆಯನ್ನು ಎಷ್ಟು ತಳ್ಳಿದರೂ ಅದು ಹೋಗಲಿಲ್ಲ. ಮರುದಿನ ರವಿವಾರ. ಸ್ಟೇಷನ್ ರಸ್ತೆಯ ಅಂಗಡಿಗಳ ಮೇಲಿನ ಮಹಡಿಯಲ್ಲಿ ನಮ್ಮ ಮನೆ. ಬಚ್ಚಲಲ್ಲಿ ನನ್ನ ಸೀರೆ ನೆನೆಹಾಕಲು ಬಕೆಟ್ಟಿಗೆ ಸೋಪು ಕಲಸಿದವಳು ಹಾಗೇ ನಿಂತೆ. ಚೀಲದಿಂದ ಡಬ್ಬಿ ತಂದು ಒಂದು ಚೂರು ಹಾಕಿದೆ. ಅದು ಅಲುಗಲಿಲ್ಲ. ಇನ್ನೊಂದು ಚೂರು. ಅದೂ ಅಲುಗಲಿಲ್ಲ. ತಂಬಿಗೆಯ ಚೊಕ್ಕ ನೀರಿಗೆ ಹಾಕಿದೆ, ಕುಣಿಯಿತು. ಬೆರಳ ತುದಿಗೆ ಸೋಪು ಹಚ್ಚಿ ಅದೇ ತಂಬಿಗೆಗೆ ತಾಗಿಸಿದೆ, ಗಕ್ಕನೆ ನಿಂತಿತು.

"ದೇವರ ಕರ್ಪೂರ ಬಚ್ಚಲಕ್ಕ ಹಾಕಾಕತ್ತೀಯೇನ?" ಎಂದು ಅವ್ವ ಬಾಗಿಲಲ್ಲಿ ಬಂದು ನಿಂತಳು. ನಾನು ತಂಬಿಗೆಗೆ ಇನ್ನೊಂದು ಚೂರು ಹಾಕಿದೆ. ಅದೂ ನಿಂತಿತು.

ಸೋಪಿನ ಅಣುವಿಗೂ ತಲೆ ಬಾಲ ಇವೆ. ಅದೂ ನೀರ ಮೇಲೆ ಸಾಲುಗಟ್ಟುತ್ತದೆ. ಕಲ್ಲಿನ ಬಳಿ ಸೋಪು ಇದ್ದಿದ್ದರೆ ಕರ್ಪೂರ ಅಲ್ಲೂ ನಿಲ್ಲಬೇಕಿತ್ತು. ಕುಣಿದಿತ್ತು ಎಂದರೆ ಅಲ್ಲಿ ನಮ್ಮ ಪದರವೂ ಇರಲಿಲ್ಲ, ಆಕೆಯ ಸೋಪೂ ಇರಲಿಲ್ಲ. ಬರೀ ನೀರಿತ್ತು. ಯಾಕೆ ಎಂಬುದು ಆಮೇಲೆ ಕಷ್ಟವಾಗಲಿಲ್ಲ. ಬೇಸಿಗೆಯ ಮಧ್ಯಾಹ್ನ ನಮ್ಮ ಕಡೆ ಗಾಳಿ ಪಡುವಣದಿಂದ ಬೀಸುತ್ತದೆ. ಅದು ನನ್ನ ಪದರವನ್ನು ಹಾಸಿಗೆಯ ಹೊದಿಕೆ ಎಳೆದಂತೆ ಮೂಡಲಕ್ಕೆ ಎಳೆಯುತ್ತಿತ್ತು. ನಾನು ಆರಿಸಿದ ಉದ್ದ ಬಾಲದ ಸೋಮಾರಿ ಅಣುಗಳು ಮರಳಿ ಹರಡುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು. ಮುಚ್ಚಿದ ಕೋಣೆಯ ನನ್ನ ತಟ್ಟೆಗೆ ಗಾಳಿ ಎಂಬುದೇ ಗೊತ್ತಿರಲಿಲ್ಲ.

ಸೋಮವಾರ ಕಾಲೇಜಿನ ಗಂಟೆ ಬಾರಿಸುವ ಮೊದಲೇ ಸರ್ ಕೋಣೆಗೆ ಹೋದೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು.

"ಗುರುವಾರ ಜಿಲ್ಲಾ ಕಚೇರಿಯ ಇಂಜಿನಿಯರ್ ಸಾಹೇಬರು ಕೆರಿ ನೋಡಾಕ ಬರ್ತಾರ. ವರದಿ ಅವರ ಕೈಯಾಗ ಅದ."

"ವರದ್ಯಾಗ ಇರೂದು ತಪ್ಪು ಸರ್. ನಾ ಹೇಳಿದ್ದೇ ತಪ್ಪು."

"ಈಗ ಸೋಪಲ್ಲ ಗಾಳಿ ಅಂದ್ರ, ನಾಳೆ ಗಾಳಿಯೂ ಅಲ್ಲ ಅಂತಾರ ಇವರು ಅಂತ ತಿಳೀತಾರ. ಇಡೀ ಕೆಲಸ ನಿಲ್ಲಿಸಿಬಿಡ್ತಾರ. ಅದು ಬೇಕೇನು ನಿನಗ?"

"ಆ ಹೆಂಗಸು ದಿನಾ ಬಾವಿಗೆ ಹೋಗಾಕತ್ತಾಳ."

"ಗುರುವಾರ ಮುಗೀಲಿ. ಆಮ್ಯಾಲ ಚೇರ್ಮನ್‌ಗೆ ನಾನೇ ಹೇಳ್ತೀನಿ. ಅಲ್ಲೀತನಕ ಮಾತಾಡಾಂವ ನಾನು. ನೀ ನೋಟ್‌ಬುಕ್ಕು ಹಿಡಕೊಂಡು ನಿಂತಿರು."

ಆಗಲಿ ಸರ್ ಎಂದೆ. ಇದನ್ನು ನಾನು ಮುಚ್ಚಿಡಲಾರೆ. ಮೂರು ದಿನದ ಮಾತು, ಅಷ್ಟರಲ್ಲಿ ಏನು ಆಗುತ್ತದೆ ಎಂದುಕೊಂಡೆ. ಗುರುವಾರ ಜೀಪಿನಲ್ಲಿ ಸುಮ್ಮನಿರಲೆಂದೇ ಹೋದೆ.

ಕೆರೆಯ ಏರಿಯ ಮೇಲೆ ಊರಿನ ಇಪ್ಪತ್ತು ಮೂವತ್ತು ಜನ ನಿಂತಿದ್ದರು. ಇಂಜಿನಿಯರು ವಯಸ್ಸಿನಲ್ಲಿ ಸರ್‌ಗಿಂತ ಚಿಕ್ಕವರು, ಚುರುಕು ಕಣ್ಣಿನವರು. ಸರ್ ಅವರನ್ನು ಬಡಗಣ ದಂಡೆಗೆ ಕರೆದೊಯ್ದು ನನಗೆ ಕಣ್ಣಸನ್ನೆ ಮಾಡಿದರು. ನಾನು ಕರ್ಪೂರ ಹಾಕಿದೆ. ನಿಂತಿತು. ಇಂಜಿನಿಯರು ಮೆಚ್ಚಿ ತಲೆಯಾಡಿಸಿ, "ಮತ್ತ ವರದ್ಯಾಗ ಆ ಒಗಿಯೂ ಕಲ್ಲು ಅಂತ ಬರದೀರಲ್ಲ, ಅದು ಎಲ್ಲಿ?" ಎಂದರು.

ಚೇರ್ಮನ್ನರು ಮುಂದೆ ಬಂದರು. "ಅದು ಬಂದ್ ಮಾಡೀವ್ರಿ ಸಾಹೇಬ್ರ. ನೋಡ್ರಿ, ಅಲ್ಲಿ ನಿಂತಾಳ. ಇಕೀನೇ ಕೆರಿ ಕೆಡಿಸಿದಾಕಿ."

ಎಲ್ಲರೂ ತಿರುಗಿ ನೋಡಿದರು. ನಾನೂ ನೋಡಿದೆ. ಆಕೆ ಜನರಿಂದ ದೂರ, ಏರಿಯ ತುದಿಯಲ್ಲಿ ನಿಂತಿದ್ದಳು. ಬಲಗೈಗೆ ಮೊಣಕೈತನಕ ಬಿದಿರಿನ ದಬ್ಬೆ ಇಟ್ಟು ಬಟ್ಟೆ ಸುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಹೆಂಗಸನ್ನು ಮೆಲ್ಲಗೆ ಕೇಳಿದೆ.

"ಮಂಗಳವಾರ ಬಾಂವಿ ಮೆಟ್ಟಲದಾಗ ಜಾರಿ ಬಿದ್ಲರಿ. ಮಣಿಕಟ್ಟು ಮುರದೈತಿ."

ಮಂಗಳವಾರ. ಸೋಮವಾರ ಬೆಳಗ್ಗೆಯೇ ನನಗೆ ಎಲ್ಲ ಗೊತ್ತಿತ್ತು. ಬಸ್ಸು ಹತ್ತಿ ಬಂದು ಎರಡು ಮಾತು ಹೇಳಿದ್ದರೆ ಮಂಗಳವಾರ ಆಕೆ ತನ್ನ ಕಲ್ಲಿನ ಮೇಲೆ ಇರುತ್ತಿದ್ದಳು.

"ಇವರಲ್ಲ," ಎಂದೆ. ದನಿ ನಾನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು. "ಕೆರಿ ಕೆಡಿಸಿದಾಕಿ ಇವರಲ್ರಿ. ತಪ್ಪು ನಂದು."

ಸರ್ ನನ್ನ ಹೆಸರು ಹಿಡಿದು ಕರೆದರು. ಒಮ್ಮೆ ಮಾತ್ರ. ನಾನು ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಬಾಯಿ ಕಟ್ಟುತ್ತಿತ್ತು. ಯಾರದೋ ಮನೆಯಿಂದ ಎರಡು ಅಗಲ ಪರಾತದ ತಟ್ಟೆ ತರಿಸಿ ಎಂದೆ. ಒಂದರಲ್ಲಿ ಚೊಕ್ಕ ನೀರು, ಇನ್ನೊಂದರಲ್ಲಿ ಸೋಪು ಕಲಸಿದ ನೀರು. ಎರಡಕ್ಕೂ ಕರ್ಪೂರ ಹಾಕಿದೆ. ಚೊಕ್ಕ ನೀರಿನಲ್ಲಿ ಕುಣಿಯಿತು, ಸೋಪಿನ ನೀರಿನಲ್ಲಿ ನಿಂತಿತು. ಆಮೇಲೆ ಎಲ್ಲರನ್ನೂ ಕಲ್ಲಿನ ಬಳಿ ಕರೆದುಕೊಂಡು ಹೋಗಿ ಹಾಕಿದೆ. ಅಲ್ಲಿ ಕುಣಿಯಿತು.

"ಇಲ್ಲಿ ಸೋಪು ಇದ್ದಿದ್ರ ಇದು ನಿಂದರಬೇಕಾಗಿತ್ರಿ. ಇಲ್ಲಿ ಏನೂ ಇಲ್ಲ. ಗಾಳಿ ನಮ್ಮ ಪದರಾ ಆ ಕಡೆ ದಬ್ಬಾಕತ್ತೈತಿ."

ಚೇರ್ಮನ್ನರ ಮುಖ ಕೆಂಪಾಯಿತು. "ಹಂಗಾರ ಹದಿನೈದು ದಿನ ನನ್ನ ಕೈಲೆ ಆಕೀನ್ನ ಬಾಂವಿಗೆ ಕಳಿಸಿದವರು ಯಾರು? ನೀವಲ್ಲೇನು?"

"ನಾನೇ ರೀ."

ಇಂಜಿನಿಯರು ಸರ್ ಕಡೆ ತಿರುಗಿದರು. "ನಿಮಗ ಇದು ಗೊತ್ತಿತ್ತೇನು?"

ಸರ್ ಬಗ್ಗಿ ಒಂದು ಹಿಡಿ ಒಣ ಕೆಸರಿನ ಪುಡಿ ಎತ್ತಿ ನೀರ ಮೇಲೆ ಉದುರಿಸಿದರು. ಪುಡಿ ಮೆಲ್ಲಗೆ ಮೂಡಲದ ಕಡೆ ಸರಿಯತೊಡಗಿತು. "ಈ ಹುಡುಗಿ ಹೇಳೂದು ಖರೆ ಅದ," ಎಂದರು. ಆಮೇಲೆ ಯಾರಿಗೂ ಕಾಯದೆ ಹೋಗಿ ಜೀಪಿನಲ್ಲಿ ಕೂತರು.

ಹಿಂದಿರುಗುವಾಗ ನನ್ನ ಕೆಲಸ ಹೋಯಿತು ಎಂದೇ ನಾನು ತಿಳಿದಿದ್ದೆ. ತೊರವಿ ದಾಟಿದ ಮೇಲೆ ಸರ್ ಹೊರಗೆ ನೋಡುತ್ತಲೇ ಹೇಳಿದರು: "ನೀ ಹೋದ ಮ್ಯಾಲ ಸೋಮವಾರ ನಾನೂ ಸೋಪಿನ ನೀರಿಗೆ ಕರ್ಪೂರ ಹಾಕಿ ನೋಡಿದ್ದೆ." ಕನ್ನಡಕ ತೆಗೆದು ಒರೆಸುತ್ತ, "ನೋಡಿಯೂ ಸುಮ್ಮನಿದ್ದೆ," ಎಂದರು. ಅವರ ಮೇಲೆ ನನಗೆ ಸಿಟ್ಟಿತ್ತು. ಆದರೆ ನಾನೂ ಮೂರು ದಿನ ಸುಮ್ಮನಿದ್ದವಳೇ.

ಕೆರೆಯ ಕೆಲಸ ನಿಲ್ಲಲಿಲ್ಲ, ನನ್ನದೂ ಹೋಗಲಿಲ್ಲ. ಇಂಜಿನಿಯರು ವರದಿಯನ್ನು ತಿದ್ದಿ ಕಳಿಸಿರೆಂದು ಹೇಳಿದರು, ಸರ್ ತಿದ್ದಿದರು. ನಾನು ಮಿಶ್ರಣ ಬದಲಿಸಿದೆ. ಎಲ್ಲಕ್ಕಿಂತ ಬಿಗಿಯಾದ ಪದರದ ಆಸೆ ಬಿಟ್ಟು, ಹರಿದರೆ ಬೇಗ ಕೂಡಿಕೊಳ್ಳುವ ಪದರ ಹುಡುಕಿದೆ. ಗಿಡ್ಡ ಬಾಲದ ಅಣುಗಳನ್ನು ಹೆಚ್ಚಿಸಿದೆ. ಈ ಸಲ ತಟ್ಟೆಯ ಮುಂದೆ ಟೇಬಲ್ ಫ್ಯಾನು ಇಟ್ಟು ನೋಡಿದೆ. ಚೀಲಗಳನ್ನು ಕೆರೆಯ ನಡುವಿನಿಂದ ತೆಗೆದು ಪಡುವಣ ದಂಡೆಯ ಉದ್ದಕ್ಕೂ ಕಟ್ಟಿದೆವು, ಗಾಳಿಯೇ ಪದರವನ್ನು ಕೆರೆಯ ಮೇಲೆ ಹಾಸಿಕೊಂಡು ಹೋಗಲೆಂದು. ಕೋಲಿನ ಮೇಲೆ ನೀರು ಇಳಿಯುವುದು ಇನ್ನೂ ನಿಧಾನವಾಯಿತು. ಬಿರುಗಾಳಿ ಎದ್ದ ದಿನ ಮಾತ್ರ ಏನೂ ನಿಲ್ಲುತ್ತಿರಲಿಲ್ಲ. ಸೋಪಿನಿಂದ ಪದರಕ್ಕೆ ತೊಂದರೆಯೇ ಇಲ್ಲ ಎಂದೂ ನಾನು ಹೇಳಲಾರದಾಗಿದ್ದೆ. ಅದಕ್ಕೆ ಚೇರ್ಮನ್ನರು ಕಲ್ಲಿನಿಂದ ಹತ್ತು ಹೆಜ್ಜೆ ಆಚೆ ಒಂದು ಸಣ್ಣ ಕಲ್ಲಿನ ತೊಟ್ಟಿ ಕಟ್ಟಿಸಿದರು, ನೀರು ಸೇದಿ ಅದರಲ್ಲಿ ಒಗೆದು, ಕೊಳೆನೀರು ಹೊಲದ ಕಡೆ ಹರಿಯುವ ಹಾಗೆ. ನನ್ನೊಂದಿಗೆ ಅವರು ಮತ್ತೆ ಮೊದಲಿನಂತೆ ಮಾತಾಡಲಿಲ್ಲ.

ಆ ಗುರುವಾರದ ನಂತರದ ರವಿವಾರ ನಾನೊಬ್ಬಳೇ ಆಕೆಯ ಮನೆಗೆ ಹೋದೆ. ಹೊಸ್ತಿಲ ಹೊರಗೆ ನಿಂತು, "ತಪ್ಪಾತು ಯವ್ವಾ," ಎಂದೆ.

"ಊರ ಮುಂದ ಹೇಳಿದ್ರಿ, ಕೇಳೀನಿ," ಎಂದಳು ಆಕೆ. "ಆದರ ಹೇಳಾಕ ತಡಾ ಆತ್ರಿ."

ಹೊರಟು ಹೋಗಲೋ ನಿಲ್ಲಲೋ ತಿಳಿಯದೆ ನಿಂತಿದ್ದೆ. ಆಕೆ ಒಳಗೆ ಹೋಗಿ ಎಡಗೈಯಿಂದ ಒಂದು ಗಂಟನ್ನು ಎಳೆದುಕೊಂಡು ಬಂದಳು.

"ಚಾದರ ಅದಾವ. ಕಾಲಿಲೆ ತುಳದು ಒಗೀತೀನಿ. ಹಿಂಡಾಕ ಒಂದು ಕೈಲೆ ಆಗೂದಿಲ್ಲ. ಹಿಡೀತೀರೇನು?"

ಕಲ್ಲಿನ ಬಳಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಾದರದ ಒಂದು ತುದಿ ಹಿಡಿದೆ. ಇನ್ನೊಂದು ತುದಿಯನ್ನು ಆಕೆ ಎಡಗೈಗೆ ಸುತ್ತಿ ಗಟ್ಟಿ ನಿಂತಳು, ತಿರುವುವುದು ನನ್ನ ಪಾಲು. "ಹಂಗಲ್ಲ, ಬಲಕ್ಕ ತಿರುವ್ರಿ. ಇನ್ನೂ ಬಿಗಿ. ಸಾಲಿ ಕಲಿಸೋ ಕೈ ಇಷ್ಟ ಏನು?" ಎಂದು ಬೈದಳು. ಸಂಜೆಯ ಹೊತ್ತಿಗೆ ಅಂಗೈ ಸುಲಿದಿತ್ತು. ಮುಂದಿನ ರವಿವಾರವೂ ಹೋದೆ, ಅದರ ಮುಂದಿನದಕ್ಕೂ. ಮಾತು ಕೆಲಸಕ್ಕೆ ಬೇಕಾದಷ್ಟೇ.

ಆ ವರ್ಷ ಮೃಗಶಿರ ಮಳೆ ಬೀಳುವತನಕ ಕೆರೆಯಲ್ಲಿ ನೀರಿತ್ತು. ಅದು ಎಷ್ಟರಮಟ್ಟಿಗೆ ನಮ್ಮ ಪದರದಿಂದ, ಎಷ್ಟರಮಟ್ಟಿಗೆ ಊರವರು ಹಿಡಿದು ಬಳಸಿದ್ದರಿಂದ ಎಂದು ನಾನು ಖಚಿತವಾಗಿ ಹೇಳಲಾರೆ. ಸರ್ ಕೂಡ ವರದಿಯಲ್ಲಿ ಹಾಗೇ ಬರೆದರು. ಮಳೆ ಬಿದ್ದ ವಾರ ಹೋದಾಗ ಆಕೆ ದಬ್ಬೆ ಬಿಚ್ಚಿಸಿಕೊಂಡು ಎರಡೂ ಕೈಯಿಂದ ಒಗೆಯುತ್ತಿದ್ದಳು. ಮಣಿಕಟ್ಟು ತುಸು ಸೊಟ್ಟಗೆ ಕೂಡಿತ್ತು. ನನ್ನನ್ನು ನೋಡಿ, "ಇವತ್ತ ನೀವು ಬ್ಯಾಡ್ರಿ," ಎಂದಳು, ಕೆಲಸ ನಿಲ್ಲಿಸದೆ. ಆಮೇಲೆ, ನಾನು ಇನ್ನೂ ನಿಂತೇ ಇರುವುದನ್ನು ಕಂಡು, ಒದ್ದೆ ಗಂಟನ್ನು ಬದಿಗೆ ಸರಿಸಿ ಕೂರಲು ಜಾಗ ಮಾಡಿದಳು.